ಹಾರದ ವಿಮಾನದಲ್ಲಿ ನೋಡೋಕೆ ಏನಿದೆ?

"ರಜೆ ಸಿಕ್ಕರೆ ಸಾಕು, ವಿಮಾನದ ಮ್ಯೂಸಿಯಂ ಅಂತ ಹೊರಡ್ತೀಯಲ್ಲ, ನಿಂತಲ್ಲೇ ನಿಂತಿರೋ ವಿಮಾನದಲ್ಲಿ ನೋಡೋಕೆ ಅಂಥದ್ದೇನಿದೆ? ಫೋಟೋ, ವಿಡಿಯೋ ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ?" ಇದನ್ನು ನೆಂಟರು ಕೇಳಿದ್ದಾರೆ, ಆಫೀಸಿನವರು ಕೇಳಿದ್ದಾರೆ. ಒಂದು ಸಲ ನನ್ನ ಜೊತೆ ಬಂದು, ನಾಲ್ಕು ಗಂಟೆ ನಿಂತು, ಕಾಲು ನೋಯಿಸಿಕೊಂಡ ಗೆಳೆಯನೂ ಕೇಳಿದ್ದಾನೆ. ಅವನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ನನ್ನ ಉತ್ತರ ರಿವೆಟ್‌ನಿಂದ, ಅಂದರೆ ತಗಡುಗಳನ್ನು ಜೋಡಿಸಲು ಹೊಡೆಯುವ ಮೊಳೆಯಿಂದ, ಶುರುವಾಗುತ್ತದೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ಗೊತ್ತಲ್ಲ. ಫೋಟೋದಲ್ಲಿ ಎಲ್ಲರ ಕಣ್ಣೂ ಹೋಗುವುದು ಎಲೆಯ ಹಾಗೆ ಬಾಗಿದ ಅದರ ರೆಕ್ಕೆಯ ಮೇಲೆ. ಹತ್ತಿರ ನಿಂತಾಗ ಬೇರೆ ಕೆಲಸ ಮಾಡಿ. ಬೆಳಕು ಬೀಳುವ ಕಡೆಯಿಂದ ಓರೆಯಾಗಿ ತಗಡಿನ ಮೇಲೆ ಕಣ್ಣು ಹಾಯಿಸಿ. ರೆಕ್ಕೆಯ ಮೇಲಿನ ರಿವೆಟ್‌ಗಳು ತಗಡಿನ ಮಟ್ಟಕ್ಕೇ ಕೂತಿರುತ್ತವೆ, ಬೆರಳಾಡಿಸಿದರೂ ತಿಳಿಯದಷ್ಟು ನುಣ್ಣಗೆ. ಬಾಲದ ಕಡೆ ನಡೆದರೆ, ಎಷ್ಟೋ ಮಾಡೆಲ್‌ಗಳಲ್ಲಿ, ಗುಂಡು ತಲೆಯ ರಿವೆಟ್‌ಗಳು ಸಾಲಾಗಿ ಉಬ್ಬಿಕೊಂಡಿರುತ್ತವೆ. ಒಂದೇ ವಿಮಾನ, ಎರಡು ಥರದ ರಿವೆಟ್. ಯಾಕೆ?

ಮಟ್ಟಸವಾದ ರಿವೆಟ್ ಹೊಡೆಯುವುದು ಜಾಸ್ತಿ ಕೆಲಸ, ಜಾಸ್ತಿ ಖರ್ಚು. ನಿಜವಾಗಲೂ ಅದು ಎಲ್ಲೆಲ್ಲಿ ಬೇಕು ಅಂತ ಎಂಜಿನಿಯರ್‌ಗಳಿಗೆ ತಿಳಿಯಬೇಕಿತ್ತು. ಅವರು ಬಟಾಣಿ ಬೇಳೆ ತಂದರು. ಒಂದೊಂದು ರಿವೆಟ್ ಮೇಲೂ ಒಂದೊಂದು ಬೇಳೆ ಅಂಟಿಸಿ ವಿಮಾನವನ್ನು ಹಾರಿಸಿದರು. ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಇಳಿಯಿತು! ಆಮೇಲೆ ಸಾಲು ಸಾಲಾಗಿ ಬೇಳೆ ಕೆರೆದು ತೆಗೆಯುತ್ತಾ, ಮತ್ತೆ ಮತ್ತೆ ಹಾರಿಸಿ ನೋಡಿದರು. ಎಲ್ಲಿ ಬೇಳೆ ಇದ್ದರೂ ವೇಗಕ್ಕೆ ಅಷ್ಟೇನೂ ತೊಂದರೆಯಿಲ್ಲವೋ ಅಲ್ಲಿಗೆ ಅಗ್ಗದ ಗುಂಡು ರಿವೆಟ್ ಸಾಕು ಅಂತ ಗೊತ್ತಾಯಿತು. ಈ ಕಥೆಯನ್ನು ನಾನು ಎಲ್ಲೋ ಓದಿದ್ದೆ. ಆದರೆ ನುಣುಪು ಮುಗಿದು ಉಬ್ಬು ಶುರುವಾಗುವ ಆ ಗೆರೆಯನ್ನು ಕಣ್ಣಾರೆ ಕಂಡಾಗ ಸುಮ್ನೆ ನಗು ಬಂತು. ಯಾರೋ ದೊಡ್ಡ ಎಂಜಿನಿಯರು ಅಂಟಿನ ಬಾಟಲಿ ಹಿಡಿದು ಬೇಳೆ ಎಣಿಸುತ್ತಾ ಕೂತ ಹಾಗೆ ಅನಿಸಿತು.

ಇನ್ನೊಂದು ವಿಷಯ ಗಾತ್ರ. ಫೋಟೋ ಗಾತ್ರದ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಯಾವಾಗಲೂ. 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ಮೊದಲ ಸಲ ನೆಲ ಬಿಟ್ಟಾಗ ಹಾರಿದ್ದು 12 ಸೆಕೆಂಡು, ಸುಮಾರು 36 ಮೀಟರ್. ಓದಿದರೆ ಇದು ಬರೀ ಲೆಕ್ಕ. ಜರ್ಮನಿಯ ಸ್ಪೇಯರ್ ಊರಿನ ಟೆಕ್ನಿಕ್ ಮ್ಯೂಸಿಯಂನಲ್ಲಿ ಒಂದು ಬೋಯಿಂಗ್ 747 ಅನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ, ಅದರ ರೆಕ್ಕೆಯ ಮೇಲೆ ನಡೆದಾಡಬಹುದು. ಆ ವಿಮಾನದ ಉದ್ದ 70 ಮೀಟರ್. ಒಳಗೆ ಬಾಲದಿಂದ ಮೂತಿಯ ಕಡೆ ನಡೆಯಲು ಶುರು ಮಾಡಿದರೆ, ಮೂತಿ ತಲುಪುವ ಎಷ್ಟೋ ಮೊದಲೇ ರೈಟ್ ಸೋದರರ ಮೊದಲ ಹಾರಾಟ ಮುಗಿದುಹೋಗಿರುತ್ತದೆ.

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾಂಕಾರ್ಡ್‌ದು ಇದಕ್ಕೆ ಉಲ್ಟಾ. ಹೊರಗಿನಿಂದ ರಾಜಗಾಂಭೀರ್ಯ. ಒಳಗೆ ಹೋದರೆ ಆ ಕಡೆ ಎರಡು, ಈ ಕಡೆ ಎರಡು ಸೀಟು, ಮಧ್ಯೆ ಇಕ್ಕಟ್ಟಾದ ದಾರಿ. ಕಿಟಕಿಗೆ ಅಂಗೈ ಇಟ್ಟರೆ ಮುಚ್ಚಿಹೋಗುವಷ್ಟು ಚಿಕ್ಕದು. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹೋಗುವಾಗ ಮೈ ಕಾದು ವಿಮಾನವೇ 15ರಿಂದ 25 ಸೆಂಟಿಮೀಟರ್ ಉದ್ದವಾಗುತ್ತಿತ್ತು. ಆಗ ಕಾಕ್‌ಪಿಟ್‌ನಲ್ಲಿ, ಫ್ಲೈಟ್ ಎಂಜಿನಿಯರ್ ಕೂರುವ ಜಾಗದ ಪಕ್ಕ, ಒಂದು ಸಂದು ತೆರೆದುಕೊಳ್ಳುತ್ತಿತ್ತು. ವಿಮಾನ ನಿವೃತ್ತಿಯಾಗುವ ಹೊತ್ತಿಗೆ ಕೆಲವು ಎಂಜಿನಿಯರ್‌ಗಳು ಕೊನೆಯ ಸಲ ಆ ಸಂದಿಗೆ ತಮ್ಮ ಟೋಪಿ ತುರುಕಿದರು. ವೇಗ ಇಳಿದು ಮೈ ತಣ್ಣಗಾಯಿತು, ಸಂದು ಮುಚ್ಚಿತು, ಟೋಪಿ ಒಳಗೇ ಉಳಿಯಿತು. ಕಾಂಕಾರ್ಡ್ ಮತ್ತು ಅದರ ಸೋವಿಯತ್ ಎದುರಾಳಿ ಟುಪೊಲೆವ್ 144 ಎರಡನ್ನೂ ಒಟ್ಟಿಗೆ ನೋಡುವ ಆಸೆಯಿದ್ದರೆ ಜರ್ಮನಿಯ ಸಿನ್ಸ್‌ಹೈಮ್‌ಗೇ ಹೋಗಬೇಕು. ಅಲ್ಲಿ ಎರಡೂ ಮ್ಯೂಸಿಯಂನ ಚಾವಣಿಯ ಮೇಲೆ ಮೂತಿ ಎತ್ತಿ ನಿಂತಿವೆ.

ಆದರೆ ನನಗೆ ಜಾಸ್ತಿ ಇಷ್ಟ ಹೊಳೆಯುವ ವಿಮಾನಗಳಲ್ಲ. ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರ ಏಪ್ರಿಲ್‌ನಲ್ಲಿ ಜರ್ಮನಿಯ ಯುದ್ಧನೌಕೆ ಟಿರ್ಪಿಟ್ಸ್ ಮೇಲೆ ದಾಳಿಗೆ ಹೋಗಿ, ಗುಂಡೇಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ಇಳಿದ ವಿಮಾನ ಅದು. ಮಂಜುಗಡ್ಡೆ ಕರಗಿ ತಳ ಸೇರಿತು. 1973ರಲ್ಲಿ ಮೇಲೆತ್ತಿದರು. ರಿಪೇರಿ ಮಾಡಿ ಬಣ್ಣ ಬಳಿಯುವ ಬದಲು ಹೆಚ್ಚುಕಡಿಮೆ ಸಿಕ್ಕ ಹಾಗೇ ಇಟ್ಟಿದ್ದಾರೆ. ಹರಿದ ತಗಡು, ಕಂದುಬಣ್ಣಕ್ಕೆ ತಿರುಗಿದ ಪಕ್ಕೆಲುಬುಗಳು. ಅದರ ಮುಂದೆ ಜನ ತಾವಾಗೇ ದನಿ ತಗ್ಗಿಸುತ್ತಾರೆ.

ಹೊಸದಾಗಿ ಬಣ್ಣ ಬಳಿಯುವುದರ ಬಗ್ಗೆ ನನಗೊಂದು ಹಳೆಯ ಕೋಪವಿದೆ. ಒಂದು ಮ್ಯೂಸಿಯಂನಲ್ಲಿ (ಹೆಸರು ಬೇಡ) ಬಯಲಲ್ಲಿ ನಿಲ್ಲಿಸಿದ್ದ ಜೆಟ್‌ಗೆ ಮೈತುಂಬಾ ಪಳಪಳ ಪೇಂಟ್ ಹೊಡೆದಿದ್ದರು. ಮೆಕ್ಯಾನಿಕ್‌ಗಳಿಗಾಗಿ ಬರೆದಿದ್ದ ಪುಟ್ಟ ಪುಟ್ಟ ಸೂಚನೆಗಳೆಲ್ಲ ಮುಚ್ಚಿಹೋಗಿದ್ದವು. ಇಲ್ಲಿ ಕಾಲಿಡಬೇಡಿ, ಇಲ್ಲಿ ಎತ್ತಿ, ಇಲ್ಲಿ ಎಣ್ಣೆ ಹಾಕಿ ಅಂತ ಇರುತ್ತಲ್ಲ, ಅವು. ವಿಮಾನದ ಜೊತೆ ದಿನಾ ಒದ್ದಾಡಿದವರ ಬದುಕು ಇರುವುದೇ ಆ ಅಕ್ಷರಗಳಲ್ಲಿ. ಬಿಸಿಲು, ಮಳೆಗೆ ತಗಡು ಹಾಳಾಗಬಾರದು ಅಂತ ಬಣ್ಣ ಹೊಡೀತಾರೆ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಎಲ್ಲ ವಿಮಾನವನ್ನೂ ನೋಡಬೇಕು ಅಂತ ಓಡಬೇಡಿ. ನಾಲ್ಕೈದು ಸಾಕು. ಮೂತಿಯ ಮುಂದೆ ಸೆಲ್ಫಿ ಆದಮೇಲೆ ಬಗ್ಗಿ, ಗಾಲಿ ಮಡಚಿಕೊಳ್ಳುವ ಗೂಡಿನೊಳಗೆ ಇಣುಕಿ. ಪೈಪು, ವೈರು ಎಲ್ಲ ಕಾಣುವುದು ಅಲ್ಲೇ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಗದ್ದಲ ಕಡಿಮೆ. ಮುಟ್ಟಬೇಡಿ ಅಂತ ಬೋರ್ಡ್ ಇದ್ದರೆ ಮುಟ್ಟಬೇಡಿ, ಕೈಬೆವರಿನ ಉಪ್ಪು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮತ್ತೆ, ಅಲ್ಲಿ ಓಡಾಡುತ್ತಿರುವ ವಯಸ್ಸಾದ ಸ್ವಯಂಸೇವಕರನ್ನು ಮಾತಾಡಿಸಿ. ಅವರಲ್ಲಿ ಎಷ್ಟೋ ಜನ ನಿವೃತ್ತ ಮೆಕ್ಯಾನಿಕ್‌ಗಳು, ಪೈಲಟ್‌ಗಳು.

ಕಾಲು ನೋಯಿಸಿಕೊಂಡ ಗೆಳೆಯನ ವಿಷಯ ಹೇಳಿದೆನಲ್ಲ. ಅವನು ಬೆಂಚಿನ ಮೇಲೆ ಕೂತು ಗೊಣಗುತ್ತಿದ್ದಾಗ ಅಂಥ ಹಿರಿಯರೊಬ್ಬರು ಬಂದು, "ಬಣ್ಣ ಬದಲಾಯಿಸದ ವಿಮಾನ ಇದು, ಎಡಗಡೆ ನೋಡಿ" ಅಂದರು. ಕಾಕ್‌ಪಿಟ್‌ನ ಕೆಳಗೆ, ಪೈಲಟ್‌ಗಳು ಬೂಟುಗಾಲಿಟ್ಟು ಹತ್ತುತ್ತಿದ್ದ ಜಾಗದಲ್ಲಿ, ಬಣ್ಣ ಸವೆದು ಬರೀ ತಗಡು ಕಾಣುತ್ತಿತ್ತು. ಅಂಚಿನಲ್ಲಿ ಕೈ ಊರುತ್ತಿದ್ದ ಕಡೆಯೂ ಹಾಗೇ. ಗೆಳೆಯ ಎದ್ದು ಹತ್ತಿರ ಹೋದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಾನು ಹೇಳದೇ ಇದ್ದರೂ, ಮೂತಿಯನ್ನು ಸುತ್ತಿಕೊಂಡು ಬಲಗಡೆ ಹೋಗಿ ನೋಡಿ ಬಂದ.

"ಆ ಕಡೆ ಬಣ್ಣ ಹಾಗೇ ಇದೆ ಕಣೋ" ಅಂದ.