ಥ್ರಿಲ್ಲರ್‌ನ ಮೊದಲೆರಡು ನಿಮಿಷ ನೋಡಿ ಏನು ಹೇಳಬೇಕು?

ಸಿನಿಮಾ ಕಲಿಸುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ವಿದ್ಯಾರ್ಥಿಯೊಬ್ಬರು ತಮ್ಮ ಥ್ರಿಲ್ಲರ್ ಚಿತ್ರದ ಆರಂಭದ ಎರಡು ನಿಮಿಷಗಳನ್ನು ತಂದು ತೋರಿಸಿದಾಗ ಅವರಿಗೆ ಏನು ಹೇಳಬೇಕು? ‘ಚೆನ್ನಾಗಿದೆ, ಆದರೆ ಇನ್ನೂ ಟೆನ್ಷನ್ ಬೇಕು’ ಎಂಬ ಮಾತು ಎಲ್ಲರ ನಾಲಿಗೆಯ ತುದಿಯಲ್ಲೂ ಇರುತ್ತದೆ. ಅದನ್ನು ಕೇಳಿಸಿಕೊಂಡ ವಿದ್ಯಾರ್ಥಿ ಎಡಿಟಿಂಗ್‌ಗೆ ಮರಳಿ ಹಿನ್ನೆಲೆ ಸಂಗೀತದ ಸದ್ದನ್ನು ಒಂದಿಷ್ಟು ಏರಿಸುತ್ತಾರೆ, ಅಷ್ಟೆ.

ನಾನು ಮೊದಲ ಸಲ ಏನನ್ನೂ ಬರೆದುಕೊಳ್ಳದೆ, ನಡುವೆ ನಿಲ್ಲಿಸದೆ ನೋಡುತ್ತೇನೆ. ಎರಡನೆಯ ಸಲ, ಆತಂಕ ಎಲ್ಲಿ ಹುಟ್ಟಿತು, ಎಲ್ಲಿ ಸಡಿಲವಾಯಿತು ಎಂಬುದನ್ನು ಸೆಕೆಂಡುಗಳ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಆ ಗುರುತುಗಳನ್ನು ಓದಿ ಹೇಳಿ, ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕ್ಷಣದಲ್ಲಿ ಪ್ರೇಕ್ಷಕರಿಗೆ ಏನು ಗೊತ್ತು, ಪಾತ್ರಕ್ಕೆ ಏನು ಗೊತ್ತು? ಮೇಜಿನ ಕೆಳಗಿರುವ ಬಾಂಬಿನ ಬಗ್ಗೆ ಪ್ರೇಕ್ಷಕರಿಗೆ ಮೊದಲೇ ತಿಳಿಸದಿದ್ದರೆ ಸಿಗುವುದು 15 ಸೆಕೆಂಡುಗಳ ಅಚ್ಚರಿ, ತಿಳಿಸಿದ್ದರೆ 15 ನಿಮಿಷಗಳ ಆತಂಕ ಎಂದು ಆಲ್‌ಫ್ರೆಡ್ ಹಿಚ್‌ಕಾಕ್ ವಿವರಿಸಿದ್ದು ಇದೇ ಅಂತರವನ್ನು.

ಈಚೆಗೆ ನೋಡಿದ ಒಂದು ತುಣುಕಿನಲ್ಲಿ ಹುಡುಗಿಯೊಬ್ಬಳು ರಾತ್ರಿ ಒಬ್ಬಳೇ ಓದುತ್ತ ಕುಳಿತಿದ್ದಳು. 22ನೇ ಸೆಕೆಂಡಿನಲ್ಲಿ ಕಿಟಕಿಯಾಚೆ ಒಬ್ಬ ಮನುಷ್ಯ ಹಾದುಹೋಗುತ್ತಾನೆ. ನಾಲ್ಕು ಸೆಕೆಂಡುಗಳ ನಂತರ ಅವಳು ತಲೆಯೆತ್ತಿ ನೋಡಿ ಚೀರುತ್ತಾಳೆ. ಆಮೇಲೆ ಬಾಗಿಲ ಹಿಡಿಕೆ ಮೆಲ್ಲಗೆ ತಿರುಗುವ ಕ್ಲೋಸಪ್, ಅದೂ ಪೂರ್ತಿ 9 ಸೆಕೆಂಡು. ಹಿತ್ತಾಳೆಯ ಮೇಲೆ ಬೆಳಕು ಜಾರುವ ಬಗೆ ನಿಜಕ್ಕೂ ಸೊಗಸಾಗಿತ್ತು, ಆದರೂ ನನ್ನ ಹಾಳೆಯಲ್ಲಿ ‘ಸಡಿಲ’ ಎಂದು ಬಿದ್ದದ್ದು ಅಲ್ಲಿಯೇ. ಆ ಶಾಟ್ ಅನ್ನು ಕತ್ತರಿಸಿ ಎಂದಿದ್ದರೆ ಹುಡುಗ ನೊಂದುಕೊಂಡು ಕತ್ತರಿಸುತ್ತಿದ್ದನೇನೋ. ಪ್ರಶ್ನೆ ಕೇಳಿದ್ದರಿಂದ ಅವನೇ ಹಿಂದಕ್ಕೆ ಹೋಗಿ ಚೀರಾಟವನ್ನು ತೆಗೆದುಹಾಕಿದ. ಮುಂದಿನ ಸಲ ನೋಡಿದಾಗ ಹಿಡಿಕೆ ತಿರುಗುತ್ತಿತ್ತು, ಅವಳು ಏನೂ ತಿಳಿಯದೆ ಪುಟ ಮಗುಚುವ ಸದ್ದು ಕೇಳುತ್ತಿತ್ತು, ಅದೇ 9 ಸೆಕೆಂಡು ಸಾಲದೆನಿಸಿತು. ಬೇಸರ ಕಾಣಿಸಿಕೊಳ್ಳುವ ಶಾಟ್ ಒಂದು, ತಪ್ಪು ಮಾಡಿದ ಶಾಟ್ ಇನ್ನೊಂದು ಆಗಿರುವುದೇ ಹೆಚ್ಚು.

ಬೆಳಕಿನ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ, ಅದನ್ನು ವಿದ್ಯಾರ್ಥಿಗಳು ತಾವೇ ಕಾಣುತ್ತಾರೆ. ಶಬ್ದದ ಬಗ್ಗೆ ಮಾತ್ರ ಹೇಳಲೇಬೇಕಾಗುತ್ತದೆ, ಏಕೆಂದರೆ ಕ್ಯಾಮೆರಾದ ಮೈಕ್‌ನಲ್ಲೇ ಹಿಡಿದ ಫ್ಯಾನಿನ ಸದ್ದು ಪ್ರತಿ ಕಟ್‌ನಲ್ಲೂ ಎಗರಿ, ಕಟ್ಟಿದ ಭಯವನ್ನೆಲ್ಲ ಕೆಡಿಸುತ್ತದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಸುಮ್ಮನೆ ನಿಂತು ಆ ಕೋಣೆಯ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡು ಎಲ್ಲ ಶಾಟ್‌ಗಳ ಅಡಿಯಲ್ಲಿ ಹಾಸಿದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಇನ್ನು ಟೈಟಲ್‌ಗಳು. ಅವುಗಳನ್ನು ಎಲ್ಲಿ ಹಾಕಬೇಕೆಂದು ಕೇಳಿದವರಿಗೆ ನಾನು ಆರ್ಸನ್ ವೆಲ್ಸ್ ಅವರ 1958ರ ‘ಟಚ್ ಆಫ್ ಈವಿಲ್’ ಚಿತ್ರದ ಆರಂಭವನ್ನು ತೋರಿಸುತ್ತೇನೆ. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುವುದರಿಂದ ಶುರುವಾಗಿ, ಮೂರು ನಿಮಿಷಕ್ಕೂ ಮಿಕ್ಕಿ ಒಂದೂ ಕಟ್ ಇಲ್ಲದೆ ಸಾಗುವ ಆ ಶಾಟ್‌ನ ಮೇಲೆ ಸ್ಟುಡಿಯೋ ಹೆಸರುಗಳನ್ನೂ ಸಂಗೀತವನ್ನೂ ಹೇರಿತ್ತು. ವೆಲ್ಸ್ ಬಿಟ್ಟುಹೋದ ಟಿಪ್ಪಣಿಯನ್ನು ಆಧರಿಸಿ ವಾಲ್ಟರ್ ಮರ್ಚ್ 1998ರಲ್ಲಿ ಸಂಕಲಿಸಿದ ಆವೃತ್ತಿಯಲ್ಲಿ ಹೆಸರುಗಳಿಲ್ಲ, ಬೀದಿಯ ಸದ್ದುಗಳಿವೆ. ಎರಡನ್ನೂ ಒಂದರ ಹಿಂದೊಂದು ತೋರಿಸಿ, ಯಾವುದರಲ್ಲಿ ಕಾರಿನ ಮೇಲಿಂದ ಕಣ್ಣು ಕದಲಿತು ಎಂದು ಅವರನ್ನೇ ಕೇಳುತ್ತೇನೆ.