ಮೂರು ರೊಟ್ಟಿ ಎಂದು ಲೆಕ್ಕ ಹೇಳಿ ಕೇಳುವುದು

ಲೂಕನ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಶಿಷ್ಯನೊಬ್ಬ ಯೇಸುಸ್ವಾಮಿಯ ಬಳಿ ಬಂದು, ನಮಗೂ ಪ್ರಾರ್ಥನೆ ಮಾಡುವುದನ್ನು ಕಲಿಸಿಕೊಡಿ ಎಂದು ಕೇಳುತ್ತಾನೆ. ಅವರು ‘ತಂದೆಯೇ’ ಎಂದು ತೊಡಗುವ ಪ್ರಾರ್ಥನೆಯನ್ನು ಹೇಳಿಕೊಟ್ಟು, ಬೆನ್ನಿಗೇ ಒಂದು ಕಥೆ ಹೇಳುತ್ತಾರೆ. ಒಬ್ಬನ ಮನೆಗೆ ನಡುರಾತ್ರಿ ನೆಂಟ ಬಂದಿದ್ದಾನೆ, ಬಡಿಸಲು ಏನೂ ಇಲ್ಲ. ಅವನು ಗೆಳೆಯನ ಬಾಗಿಲು ತಟ್ಟಿ ‘ಮೂರು ರೊಟ್ಟಿ ಕಡ ಕೊಡು’ ಅನ್ನುತ್ತಾನೆ. ‘ಏನಾದರೂ ಮಿಕ್ಕಿದ್ದರೆ ನೋಡಪ್ಪ’ ಅನ್ನುವುದಿಲ್ಲ, ಗೆಳೆಯನ ಗುಣಗಾನದಿಂದ ಶುರು ಮಾಡುವುದೂ ಇಲ್ಲ. ಎಷ್ಟು ಬೇಕು, ಯಾರಿಗಾಗಿ, ಯಾಕೆ ಈಗಲೇ ಬೇಕು, ಎಲ್ಲವೂ ಎರಡು ಮಾತಿನಲ್ಲಿ ಮುಗಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರ ಪ್ರಾರ್ಥನೆ ಸೊರಗುವುದು ಭಕ್ತಿ ಕಡಿಮೆಯಾಗಿ ಅಲ್ಲ, ಈ ಲೆಕ್ಕ ತಪ್ಪಿ. ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ತೇರಿನವರೆಗೂ ಜನಸಾಗರ. ಕಾವಿ ಬಣ್ಣದ ಸೀರೆ ಉಟ್ಟು ಹರಕೆ ಹೊತ್ತವರು, ಮೇಣದಬತ್ತಿ ಹಿಡಿದು ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು. ಹಾಗೆ ನಿಂತು ಮಾತೆಯ ಮುಂದೆ ಬಂದಾಗ ಸಿಗುವುದು ಅರೆನಿಮಿಷ. ಆಗ ಬಾಯಿಗೆ ಬರುವುದು ‘ಎಲ್ಲಾ ಒಳ್ಳೇದಾಗಲಿ ತಾಯಿ’ ಎಂಬ ಒಂದೇ ಮಾತು. ಅದೇನೂ ತಪ್ಪಲ್ಲ, ಮೊಮ್ಮಗನ ಜ್ವರವೂ ಮಗನ ಸಾಲವೂ ಅದರೊಳಗೆ ಸೇರಿವೆ ಎಂದು ದೇವರಿಗೆ ಗೊತ್ತು. ಆದರೆ ಕೇಳಿದವರಿಗೇ ತಾವು ಏನು ಕೇಳಿದೆವೆಂದು ಗೊತ್ತಿರುವುದಿಲ್ಲ. ಹಾಗಾಗಿ ಅದು ನೆರವೇರಿದಾಗಲೂ ಗುರುತು ಸಿಗುವುದಿಲ್ಲ.

ದೇವರಿಗೆ ಮೊದಲೇ ತಿಳಿದಿರುವಾಗ ಬಿಡಿಸಿ ಹೇಳುವುದೇಕೆ? ಇದು ಹಳೆಯ ಪ್ರಶ್ನೆ. ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲಿ ಪ್ರೋಬಾ ಎಂಬ ವಿಧವೆಗೆ ಬರೆದ ದೀರ್ಘ ಪತ್ರದಲ್ಲಿ ಇದಕ್ಕೆ ಉತ್ತರಿಸಿದ್ದಾರೆ. ನಾವು ಕೇಳುವುದು ದೇವರಿಗೆ ಸುದ್ದಿ ಮುಟ್ಟಿಸಲಿಕ್ಕಲ್ಲ. ಕೇಳುತ್ತ ಕೇಳುತ್ತ ನಮ್ಮ ಆಸೆ ಪಳಗುತ್ತದೆ, ದೇವರು ಕೊಡುವುದನ್ನು ಹಿಡಿಯುವಷ್ಟು ಮನಸ್ಸು ಅಗಲವಾಗುತ್ತದೆ ಎಂಬುದು ಅವರ ಮಾತಿನ ಸಾರ. ಜೆರಿಕೋ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯ ‘ದಾವೀದನ ಪುತ್ರರೇ, ಕರುಣಿಸಿ’ ಎಂದು ಕೂಗಿಕೊಂಡಾಗಲೂ ಯೇಸುಸ್ವಾಮಿ ಸುಮ್ಮನೆ ಕಣ್ಣು ಕೊಟ್ಟು ಮುಂದೆ ಹೋಗಲಿಲ್ಲ. ನಿನಗೆ ನಾನೇನು ಮಾಡಬೇಕು ಎಂದು ಕೇಳಿದರು. ಕುರುಡನ ಬಳಿ ಕೇಳುವ ಪ್ರಶ್ನೆಯೇ ಅದು! ಆದರೆ ಭಿಕ್ಷುಕನೊಬ್ಬ ಕಾಸನ್ನೂ ಕೇಳಬಹುದಿತ್ತು. ‘ನನಗೆ ಕಣ್ಣು ಕಾಣಬೇಕು’ ಎಂಬ ಮಾತು ಅವನ ಬಾಯಿಂದಲೇ ಬರಬೇಕಿತ್ತು.

ಹಾಗಾದರೆ ಹೇಗೆ ಕೇಳುವುದು? ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಪೂಜೆಯಲ್ಲಿ, ಗುರುಗಳು ಹೇಳುವ ಆರಂಭದ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿದರೆ ಅದರಲ್ಲೇ ಅಚ್ಚು ಸಿಗುತ್ತದೆ. ಮೊದಲು ದೇವರನ್ನು ಕರೆಯುವುದು. ಆಮೇಲೆ ಅವರು ಹಿಂದೆ ಮಾಡಿದ ಒಂದು ಕಾರ್ಯವನ್ನು ನೆನೆಯುವುದು. ನಂತರ ಕೋರಿಕೆ, ಅದೂ ಒಂದೇ. ಅದು ಯಾತಕ್ಕಾಗಿ ಎಂಬುದು ಮುಂದಿನ ತುಂಡು. ಕಡೆಗೆ ‘ನಮ್ಮ ಪ್ರಭು ಕ್ರಿಸ್ತರ ಮುಖಾಂತರ’ ಎಂಬ ಮುಕ್ತಾಯ. ಮೂಲ ಲ್ಯಾಟಿನ್ ಪಾಠದಲ್ಲಿ ಕರೆ ಮೊದಲು, ನೆನಪು ಆಮೇಲೆ. ಕನ್ನಡದ ಜಾಯಮಾನಕ್ಕೆ ಇದು ತಿರುಗುಮುರುಗಾಗಿ, ‘ಬಿರುಗಾಳಿಯನ್ನು ಗದರಿಸಿ ಸುಮ್ಮನಾಗಿಸಿದ ಪ್ರಭುವೇ’ ಎಂದು ನೆನಪೇ ಮುಂದೆ ಬಂದು ಹೆಸರು ಹಿಂದೆ ನಿಲ್ಲುತ್ತದೆ. ಇದೊಂದು ಅನುಕೂಲವೇ. ಕರೆಯುವ ಮೊದಲೇ, ಇವರು ಇಂಥದ್ದನ್ನು ಮಾಡಿದವರು ಎಂಬ ಧೈರ್ಯ ಬಂದಿರುತ್ತದೆ.

ಅಮ್ಮನ ಮಂಡಿಯ ಆಪರೇಷನ್ ಇದೆ ಎಂದುಕೊಳ್ಳಿ. ಪ್ರಾರ್ಥನೆ ಹೀಗಿರಬಹುದು: ‘ಪೇತ್ರನ ಅತ್ತೆಯ ಜ್ವರ ಬಿಡಿಸಿದ ಪ್ರಭುವೇ, ಗುರುವಾರ ಬೆಳಿಗ್ಗೆ ಅಮ್ಮನ ಆಪರೇಷನ್. ವೈದ್ಯರ ಕೈ ಸ್ಥಿರವಾಗಿರಲಿ, ಅಮ್ಮನಿಗೆ ನೋವು ತಾಳುವ ಶಕ್ತಿ ಕೊಡಿ. ಅವರು ಮತ್ತೆ ತಮ್ಮ ಕಾಲಲ್ಲೇ ನಡೆದು ದೇವಾಲಯಕ್ಕೆ ಬರುವಂತಾಗಲಿ. ಕ್ರಿಸ್ತರ ಮುಖಾಂತರ ಬೇಡುತ್ತೇವೆ, ಆಮೆನ್.’ ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ ಸಾಕು. ಪೇತ್ರನ ಅತ್ತೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಜ್ವರ ಬಿಟ್ಟೊಡನೆ ಆಕೆ ಎದ್ದು ಬಂದವರನ್ನೆಲ್ಲ ಉಪಚರಿಸಿದಳು ಎಂದು ಬೈಬಲ್ ಹೇಳುತ್ತದೆ. ಮಂಡಿನೋವಿನ ಅಮ್ಮನಿಗೂ ಬೇಕಾಗಿರುವುದು ಅದೇ, ಎದ್ದು ಓಡಾಡುವುದು. ಸಂಕಟಕ್ಕೆ ಹೊಂದುವ ನೆನಪನ್ನು ಹುಡುಕುವುದರಲ್ಲೇ ಅರ್ಧ ಪ್ರಾರ್ಥನೆ ಆಗಿಹೋಗುತ್ತದೆ. ಸಾಲದ ಚಿಂತೆಗೆ, ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ಉಣಬಡಿಸಿದ ಸರೆಪ್ತದ ವಿಧವೆಯ ಮುಗಿಯದ ಹಿಟ್ಟಿನ ಮಡಕೆ ಇದೆ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಬಂದು, ಆಮೇಲೆ ಯೇಸುಸ್ವಾಮಿಯ ಮಾತಿಗೆ ಬಲೆ ತುಂಬ ಮೀನು ಹಿಡಿದ ಬೆಸ್ತರ ನೆನಪು ಕೆಲಸ ಸಿಗದವರಿಗೆ ಒದಗುತ್ತದೆ.

ಎಲ್ಲಿ ಎಡವುತ್ತೇವೆ? ಮೊದಲನೆಯದು, ಕೋರಿಕೆಯ ಜೊತೆಗೆ ಮಾಡುವ ದಾರಿಯನ್ನೂ ನಾವೇ ಹೇಳಿಕೊಡುವುದು. ‘ಮಗನಿಗೆ ಕೆಲಸ ಕೊಡಿ’ ಎಂಬುದು ಕೋರಿಕೆ. ‘ಆ ಕಂಪನಿಯ ಮ್ಯಾನೇಜರ್ ಮನಸ್ಸು ತಿರುಗಿಸಿ, ಇನ್ನಿಬ್ಬರನ್ನು ಬಿಟ್ಟು ಇವನನ್ನೇ ಆರಿಸುವಂತೆ ಮಾಡಿ’ ಎಂಬುದು ದೇವರಿಗೆ ಕೊಟ್ಟ ಕೆಲಸದ ಪಟ್ಟಿ. ಆ ಒಂದು ದಾರಿ ಮುಚ್ಚಿದ ಕೂಡಲೇ ಪ್ರಾರ್ಥನೆ ವ್ಯರ್ಥವಾಯಿತೆಂದು ಮನಸ್ಸು ಮುದುಡುತ್ತದೆ, ಪಕ್ಕದ ಬಾಗಿಲು ತೆರೆದದ್ದು ಕಾಣುವುದೇ ಇಲ್ಲ. ಕಾನಾ ಊರಿನ ಮದುವೆಯಲ್ಲಿ ಮಾತೆ ಮರಿಯ ಮಾಡಿದ್ದನ್ನು ನೋಡಿ. ‘ಅವರಲ್ಲಿ ದ್ರಾಕ್ಷಾರಸ ಮುಗಿದಿದೆ’ ಎಂದರು, ಅಷ್ಟೇ. ಎಲ್ಲಿಂದ ತರಬೇಕು, ಯಾರನ್ನು ಕಳಿಸಬೇಕು, ಒಂದೂ ಹೇಳಲಿಲ್ಲ. ಆರು ಕಲ್ಲಿನ ಬಾನಿಗಳ ನೀರು ದ್ರಾಕ್ಷಾರಸವಾಗುತ್ತದೆಂದು ಯಾರು ತಾನೇ ಸಲಹೆ ಕೊಡಬಲ್ಲವರಾಗಿದ್ದರು? ಲಾಜರನ ಅಕ್ಕತಂಗಿಯರು ಕಳಿಸಿದ ಸುದ್ದಿಯೂ ಇಂಥದ್ದೇ: ನೀವು ಪ್ರೀತಿಸುವವನು ಕಾಯಿಲೆ ಬಿದ್ದಿದ್ದಾನೆ. ಅದನ್ನು ಕೇಳಿಯೂ ಯೇಸುಸ್ವಾಮಿ ಎರಡು ದಿನ ಇದ್ದಲ್ಲೇ ಉಳಿದರು ಎಂಬುದನ್ನು ಮಾತ್ರ ನಾವು ಬೇಗ ದಾಟಿಕೊಂಡು ಓದುತ್ತೇವೆ.

ಇನ್ನೊಂದು ಎಡವಟ್ಟು ಹರಕೆಯದು. ಇದು ಕೊಡುಕೊಳ್ಳುವ ವ್ಯಾಪಾರವಾಗಿಬಿಡುವುದು ಬಹಳ ಸುಲಭ. ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1191ನೇ ವಿಧಿ ಹರಕೆ ಎಂದರೇನು ಎಂದು ಸ್ಪಷ್ಟವಾಗಿ ಹೇಳಿದೆ: ಯೋಚಿಸಿ, ಸ್ವಂತ ಇಚ್ಛೆಯಿಂದ ದೇವರಿಗೆ ಕೊಟ್ಟ ಮಾತು, ಮಾಡಲು ಸಾಧ್ಯವಿರುವ, ಮತ್ತಷ್ಟು ಒಳಿತಾದ ಕಾರ್ಯದ ಬಗ್ಗೆ ಕೊಟ್ಟ ಮಾತು. ಹೆದರಿಕೆಯಿಂದ ಬಲವಂತಕ್ಕೆ ಹೊತ್ತ ಹರಕೆಗೆ ಅಲ್ಲಿ ಬೆಲೆಯಿಲ್ಲ. ಹರಕೆ ಕಟ್ಟಿಹಾಕುವುದು ಹೊತ್ತವರನ್ನೇ. ‘ಮಗಳು ಪಾಸಾದರೆ ಅವಳು ವರ್ಷವಿಡೀ ಉಪವಾಸ ಮಾಡುತ್ತಾಳೆ’ ಎಂದು ತಾಯಿ ಮಾತು ಕೊಟ್ಟರೆ ಮಗಳಿಗೆ ಅದರ ಹಂಗಿಲ್ಲ. (ಪ್ರವಾದಿ ಸಮುವೇಲನ ತಾಯಿ ಹನ್ನಳು ಹುಟ್ಟದ ಮಗನನ್ನೇ ಮುಡಿಪಿಟ್ಟಳಲ್ಲ ಎಂದು ಕೇಳುವವರಿದ್ದಾರೆ. ಅದು ಹಳೆಯ ಒಡಂಬಡಿಕೆಯ ಕಾಲ, ಅದನ್ನು ಇವತ್ತಿನ ಅಪ್ಪ ಅಮ್ಮಂದಿರು ನಕಲು ಮಾಡುವುದು ಬೇಡ.) ವಯಸ್ಸಾಗಿ, ಕಾಲು ಸೋತು, ಬರಿಗಾಲಲ್ಲಿ ನಡೆಯುವ ಹರಕೆ ತೀರಿಸಲಾಗದೆ ಕೊರಗುವವರು ಅನೇಕರು. ಅಂಥವರು ತಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೋಗಿ ಹೇಳಿಕೊಂಡರೆ, ನ್ಯಾಯವಾದ ಕಾರಣವಿದ್ದಲ್ಲಿ ಖಾಸಗಿ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಭಯಪಡಬೇಕಾಗಿಲ್ಲ.

ನೊವೇನಾದ ಲೆಕ್ಕಾಚಾರವೂ ಹೀಗೇ ಹೆದರಿಸುತ್ತದೆ. ಒಂಬತ್ತು ದಿನದ ಪ್ರಾರ್ಥನೆಗೆ ಮೂಲ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ. ಯೇಸುಸ್ವಾಮಿ ಸ್ವರ್ಗಾರೋಹಣವಾದ ಮೇಲೆ ಪವಿತ್ರಾತ್ಮರು ಇಳಿದು ಬರುವವರೆಗೆ ಶಿಷ್ಯರೂ ಮಾತೆ ಮರಿಯಳೂ ಒಮ್ಮನಸ್ಸಿನಿಂದ ಪ್ರಾರ್ಥನೆಯಲ್ಲಿ ಕಾದರು. ಅದು ಕಾಯುವುದನ್ನು ಕಲಿಸುವ ಪ್ರಾರ್ಥನೆ, ಬೀಗದ ಸಂಖ್ಯೆಯಲ್ಲ. ಐದನೇ ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕಿಲ್ಲ, ಮರುದಿನ ಮುಂದುವರಿಸಿದರಾಯಿತು. ‘ಇದನ್ನು ಒಂಬತ್ತು ಪ್ರತಿ ಮಾಡಿ ಹಂಚಿ, ಇಲ್ಲವಾದರೆ ಕೇಡು’ ಎಂಬ ಕಾಗದಗಳು ಬೆಂಚಿನ ಮೇಲೆ ಸಿಗುತ್ತವೆ, ಈಗ ವಾಟ್ಸಾಪಿನಲ್ಲೂ ಬರುತ್ತವೆ. ಎಷ್ಟು ಬಾರಿ, ಎಷ್ಟು ಪ್ರತಿ ಎಂಬುದರಲ್ಲೇ ಶಕ್ತಿ ಇದೆ ಎಂದು ನಂಬುವುದನ್ನು ಧರ್ಮಸಭೆ ಮೂಢನಂಬಿಕೆ ಎಂದೇ ಕರೆಯುತ್ತದೆ. ಹರಿದು ಬಿಸಾಡಿ.

ಒಂಬತ್ತು ದಿನಕ್ಕೆ ಒಂದೇ ಕೋರಿಕೆ ಇಟ್ಟುಕೊಳ್ಳುವುದು ಒಳ್ಳೆಯದು. ಅಂಗೈಯಗಲದ ಚೀಟಿಯಲ್ಲಿ ಮೂರು ಸಾಲು ಬರೆಯಿರಿ: ಯಾರಿಗೆ, ಏನು, ಯಾವತ್ತಿನೊಳಗೆ. ತಾರೀಖು ಹಾಕಿ. ದಿನವೂ ಅದನ್ನೇ ಓದಿ, ಮಾತು ಬದಲಿಸಬೇಕೆನ್ನಿಸಿದರೆ ಬದಲಿಸಿ. ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ಅನೇಕರಿಗೆ ತಾವು ನಿಜವಾಗಿ ಕೇಳಬೇಕಾದದ್ದು ಬೇರೆಯೇ ಎಂದು ಹೊಳೆಯುತ್ತದೆ. ‘ಸೊಸೆಗೆ ಬುದ್ಧಿ ಕೊಡಿ’ ಎಂದಿದ್ದದ್ದು ‘ನಾಳೆ ಅಡುಗೆಮನೆಯಲ್ಲಿ ನಾನು ಬಾಯಿ ಬಿಗಿಹಿಡಿಯುವಂತಾಗಲಿ’ ಎಂದಾಗಬಹುದು. ಅಗಸ್ಟೀನರು ಆಸೆ ಪಳಗುತ್ತದೆ ಎಂದದ್ದು ಇದಕ್ಕೇ ಇರಬೇಕು. ಕಾಯಿಲೆಯ ಕೋರಿಕೆಯಾದರೆ ಮಾತ್ರೆ, ತಪಾಸಣೆ ಬಿಡುವಂತಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥಿಸು ಎಂದ ಮೇಲೆ ವೈದ್ಯನಿಗೂ ಎಡೆ ಕೊಡು, ಅವನೂ ಬೇಕು ಎನ್ನುತ್ತದೆ.

ಇನ್ನೊಬ್ಬರಿಗಾಗಿ ಗುಂಪಿನಲ್ಲಿ ಬೇಡುವಾಗ ಸ್ವಲ್ಪ ಎಚ್ಚರ ಬೇಕು. ‘ಮೂರನೇ ಬೀದಿಯ ಇಂಥವರ ಮಗ ಕುಡಿತ ಬಿಡಲಿ’ ಎಂದು ಗಟ್ಟಿಯಾಗಿ ಹೇಳಿದರೆ ಅದು ದೇವರಿಗಿಂತ ಮೊದಲು ಬೀದಿಗೆ ಮುಟ್ಟುತ್ತದೆ. ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಗೆ ಒಂದು ಕ್ರಮವಿದೆ: ಮೊದಲು ಧರ್ಮಸಭೆ, ಆಮೇಲೆ ನಾಡನ್ನಾಳುವವರು ಮತ್ತು ಲೋಕ, ಆಮೇಲೆ ಕಷ್ಟದಲ್ಲಿರುವವರು, ಕಡೆಗೆ ನಮ್ಮ ಊರು. ಮನೆಯ ಸಂಜೆ ಜಪಸರದ ನಂತರವೂ ಇದೇ ಕ್ರಮ ಹಿಡಿದರೆ ನಮ್ಮ ಪಟ್ಟಿಯೇ ಎಲ್ಲವನ್ನೂ ನುಂಗುವುದಿಲ್ಲ.

ಮಾತೇ ಬರದ ಹೊತ್ತುಗಳೂ ಇವೆ. ಮುಳುಗುತ್ತಿದ್ದ ಪೇತ್ರ ‘ಪ್ರಭುವೇ, ಕಾಪಾಡಿ’ ಎಂದ. ನೀರು ಬಾಯಿಗೆ ಬಂದವನಿಗೆ ಪೀಠಿಕೆ ಹಾಕಲು ಬಿಡುವೆಲ್ಲಿ? 70ನೇ ಕೀರ್ತನೆಯ ಮೊದಲ ಸಾಲು, ದೇವರೇ ಬೇಗ ಬಂದು ಸಹಾಯ ಮಾಡಿ ಎಂಬ ಮೊರೆ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಇದನ್ನೇ ಹಗಲೂ ರಾತ್ರಿ ಜಪಿಸುತ್ತಿದ್ದರೆಂದು 5ನೇ ಶತಮಾನದ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿಟ್ಟಿದ್ದಾನೆ. ಗುರುಗಳೂ ಕನ್ಯಾಸ್ತ್ರೀಯರೂ ಇಂದಿಗೂ ದಿನದ ಪ್ರಾರ್ಥನಾವಿಧಿಯನ್ನು ಇದರಿಂದಲೇ ತೊಡಗುತ್ತಾರೆ. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಇಷ್ಟು ಸಾಕು. ಸಿಟ್ಟೇ ಇದ್ದರೆ 13ನೇ ಕೀರ್ತನೆ ತೆರೆಯಿರಿ. ಮೊದಲ ಎರಡು ವಚನಗಳಲ್ಲಿ ‘ಎಲ್ಲಿಯವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಮುಂದಿನ ಎರಡರಲ್ಲಿ ಬೇಡಿಕೆ, ಕಡೆಯ ಎರಡರಲ್ಲಿ ಭರವಸೆ. ಮೇಲಿನ ದೂರಿಗೂ ಕೆಳಗಿನ ಭರವಸೆಗೂ ನಡುವೆ ಕೀರ್ತನೆಗಾರನಿಗೆ ಎಷ್ಟು ಕಾಲ ಹಿಡಿಯಿತೋ, ಪುಟದ ಮೇಲೆ ಒಂದೇ ಗೆರೆ. ಭರವಸೆಯ ಸಾಲು ಬಾಯಿಗೆ ಬರದಿದ್ದರೆ ಬಲವಂತ ಬೇಡ, 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಬೈಬಲಿನಲ್ಲೇ ಇದೆ.

ಕೇಳಿದ್ದು ಸಿಗದಿದ್ದರೆ? ನಂಬಿಕೆ ಸಾಲದಾಯಿತು ಎಂದು ಹೇಳುವವರನ್ನು ನಂಬಬೇಡಿ. ತನ್ನನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯಿರಿ ಎಂದು ಪೌಲ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ನನ್ನ ಅನುಗ್ರಹವೇ ನಿನಗೆ ಸಾಕು ಎಂಬ ಉತ್ತರ ಬಂತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯೂ ಮೂರು ಸಲ ಅದೇ ಮಾತನ್ನೇ ಬೇಡಿದರು. ‘ಅಬ್ಬಾ’ ಎಂದು ಕರೆದರು. ಅರಮೇಯಿಕ್ ಭಾಷೆಯಲ್ಲಿ ಹಾಗೆಂದರೆ ತಂದೆ. ನೋವಾದಾಗ ‘ಅಪ್ಪಾ’ ಎನ್ನುವ ನಮಗೆ ಆ ಕರೆ ದೂರದ್ದಲ್ಲ. ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೊಲಗಿಸಿ ಎಂದು ಮೊದಲು ಬಿಚ್ಚಿ ಹೇಳಿ, ಆಮೇಲೆ ನಿಮ್ಮ ಚಿತ್ತದಂತಾಗಲಿ ಎಂದರು. ನಾವು ಎಷ್ಟೋ ಸಲ ಮೊದಲಿನದನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗುತ್ತೇವೆ, ಕೇಳಿ ನಿರಾಶೆಯಾಗುವ ಭಯಕ್ಕೆ.

ಒಂಬತ್ತು ದಿನ ಕಳೆದು ತೇರು ಮುಗಿದ ಮೇಲೆ ಚೀಟಿಯನ್ನು ಎಸೆಯಬೇಡಿ. ಹಿಂಬದಿಯಲ್ಲಿ ಏನಾಯಿತೆಂದು ಒಂದು ಸಾಲು ಬರೆಯಿರಿ, ‘ಇನ್ನೂ ಇಲ್ಲ’ ಎಂದಾದರೂ ಸರಿ. ನೆರವೇರಿದ್ದರೆ ಮೊದಲು ಹೋಗಿ ಕೃತಜ್ಞತೆ ಹೇಳಿ ಬನ್ನಿ. ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ. ಯಾರ ಗುಣಕ್ಕಾಗಿ ಬೇಡಿದ್ದಿರೋ ಅವರು ತೀರಿಕೊಂಡಿದ್ದರೂ ಚೀಟಿ ಹಳತಾಗುವುದಿಲ್ಲ. ಹೆಸರು ಹಾಗೇ ಇರಲಿ, ‘ಗುಣವಾಗಲಿ’ ಎಂಬುದನ್ನು ಹೊಡೆದು ‘ನಿತ್ಯ ವಿಶ್ರಾಂತಿ ದಯಪಾಲಿಸಿ’ ಎಂದು ಬರೆಯಿರಿ. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗೆ ಹೂವು ಹಾಕಿ, ಬತ್ತಿ ಹಚ್ಚಿ ನಿಂತಾಗ ಓದಲಿಕ್ಕೆ ಅದೇ ಚೀಟಿ ಆಗುತ್ತದೆ.