ಗಾಜಲ್ವೇನ್ರೀ, ಒಡೆಯಲ್ವಾ?

ದಾವಣಗೆರೆಯಲ್ಲಿ ಎಲ್ಲೇ ಟೇಬಲ್ ಹಾಕಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಓಲೆ ಕೈಗೆತ್ತಿಕೊಳ್ಳುತ್ತಾರೆ, ಬಣ್ಣ ಚೆನ್ನಾಗಿದೆ ಅನ್ನುತ್ತಾರೆ, ಬೆಲೆ ಚೀಟಿ ನೋಡುತ್ತಾರೆ. ಆಮೇಲೆ, "ಗಾಜಲ್ವೇನ್ರೀ ಅಕ್ಕಾ, ಒಡೆಯಲ್ವಾ?" ನಾನು ಟಾರ್ಚಿನ ಉರಿಯಲ್ಲಿ ಗಾಜು ಕರಗಿಸಿ ಮಣಿ, ಓಲೆ, ಪದಕ ಮಾಡುವವಳು. ಎತ್ತರದಿಂದ ಕಲ್ಲಿನ ನೆಲಕ್ಕೆ ಬಿದ್ದರೆ ಒಡೆಯಬಹುದು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಹೆದರುವಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ಎಷ್ಟೋ ಸಲ ಕೇಳುವವರ ಕೊರಳಲ್ಲೇ ಗಾಜು ಇರುತ್ತದೆ. ಕರಿಮಣಿ ಸಾಮಾನ್ಯವಾಗಿ ಗಾಜಿನದೇ ಅಲ್ವಾ? ಅದನ್ನು ಹಾಕಿಕೊಂಡೇ ವರ್ಷಗಟ್ಟಲೆ ಸ್ನಾನ, ಅಡುಗೆ, ನಿದ್ದೆ ಎಲ್ಲ ನಡೆಯುತ್ತದೆ. ದಾರ ಸವೆದು ಮಣಿ ಚೆಲ್ಲುವುದುಂಟು, ಮಣಿಯೇ ಒಡೆಯುವುದು ಅಪರೂಪ. ಗಾಜು ಅಂದಕೂಡಲೇ ನಮಗೆ ಬಳೆ ನೆನಪಾಗುತ್ತದೆ, ಅದಕ್ಕೇ ಈ ಭಯ. ಬಳೆ ತೆಳ್ಳಗಿನ ದೊಡ್ಡ ಸುತ್ತು. ಒಂದು ಕಡೆ ಒತ್ತಿದರೆ ಉಳಿದ ಭಾಗ ಬಾಗಬೇಕು, ಗಾಜಿಗೆ ಬಾಗುವುದು ಗೊತ್ತಿಲ್ಲ. ಮಣಿ ಚಿಕ್ಕದು, ಗುಂಡಗಿರುತ್ತದೆ, ಬಾಗಿಸೋಕೆ ಅಲ್ಲಿ ಉದ್ದವೇ ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದಾಗ ಸಿಕ್ಕ ಹಳೇ ಸಾಮಾನುಗಳಲ್ಲಿ ಗಾಜಿನ ಮಣಿಗಳೂ ಇದ್ದವು.

ಮಣಿ ಗಟ್ಟಿಯೋ ಅಲ್ಲವೋ ಅನ್ನುವುದು ತೀರ್ಮಾನವಾಗುವುದು ಅದು ತಣ್ಣಗಾಗುವಾಗ. ನೋಡುವವರಿಗೆ ಉರಿಯೇ ದೊಡ್ಡ ವಿಷಯ, ಫೋಟೋ ತೆಗೆಯುವುದೂ ಅದನ್ನೇ. ಗ್ಯಾಸಿಗೆ ಆಕ್ಸಿಜನ್ ಸೇರಿಸಿ ಹಚ್ಚುವ ಈ ಉರಿಯ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಜಿನ ಕಡ್ಡಿ ಅದರ ಮುಂದೆ ಬೆಲ್ಲದ ಪಾಕದ ಹಾಗೆ ಜಗ್ಗುತ್ತದೆ. ಜೇಡಿಯಂಥ ಲೇಪ ಹಚ್ಚಿ ಒಣಗಿಸಿದ ಸ್ಟೀಲ್ ಕಡ್ಡಿಗೆ ಅದನ್ನು ಸುತ್ತುತ್ತಾ, ಕೈ ನಿಲ್ಲಿಸದೆ ತಿರುಗಿಸುತ್ತಿರಬೇಕು. ನಿಲ್ಲಿಸಿದರೆ ಒಂದೇ ಕಡೆ ಜೋತುಬೀಳುತ್ತದೆ. ಗಾಜಿನಲ್ಲಿರುವ ಸೋಡಿಯಂ ಉರಿಗೆ ಬಿದ್ದಾಗ ಕಣ್ಣು ಕುಕ್ಕುವ ಹಳದಿ ಬೆಳಕು ಬರುತ್ತದೆ, ಅದನ್ನು ತಡೆಯುವ ಡಿಡಿಮಿಯಂ ಕನ್ನಡಕ ಬೇಕು. ಹೊಗೆ ಎಳೆಯುವ ಎಕ್ಸಾಸ್ಟ್ ಬೇಕೇ ಬೇಕು. ಆದರೆ ಫ್ಯಾನ್ ಹಾಕುವ ಹಾಗಿಲ್ಲ, ಉರಿ ಅಲ್ಲಾಡುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಇದು ಹೇಗಿರುತ್ತೆ ಅಂತ ಊರಿನವರಿಗೆ ಹೇಳಬೇಕಿಲ್ಲ.

ಆಕಾರ ಬಂತು, ಕೆಂಪು ಇಳಿಯಿತು. ಆಗ ಮಣಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರೆ ಹೊರಗಿನ ಪದರ ಬೇಗ ತಣ್ಣಗಾಗಿ ಬಿಗಿಯುತ್ತದೆ. ಒಳಗಡೆ ಇನ್ನೂ ಬಿಸಿ. ಒಳಗಿನದು ನಿಧಾನಕ್ಕೆ ಕುಗ್ಗಲು ಹೊರಟಾಗ ಹೊರಗಿನದು ಬಿಡುವುದಿಲ್ಲ. ಆ ಜಗ್ಗಾಟ ಗಾಜಿನೊಳಗೇ ಉಳಿದುಬಿಡುತ್ತದೆ. ಕೆಲವು ಮಣಿ ಅಲ್ಲೇ ಟಪ್ ಅನ್ನುತ್ತವೆ. ಕೆಲವು ಚೆನ್ನಾಗೇ ಕಾಣುತ್ತಿದ್ದು ವಾರಗಳ ಮೇಲೆ, ಯಾರೂ ಮುಟ್ಟದೆ, ಪೆಟ್ಟಿಗೆಯಲ್ಲೇ ಸೀಳುತ್ತವೆ.

ಅದಕ್ಕೆ ಅದು ಉರಿಯಿಂದ ನೇರವಾಗಿ ಭಟ್ಟಿಗೆ ಹೋಗಬೇಕು. ಮಂಡಕ್ಕಿ ಭಟ್ಟಿಗಳ ಊರಲ್ಲಿ ನನ್ನದೂ ಒಂದು ಭಟ್ಟಿ, ಕರೆಂಟಿನದು, ಮೈಕ್ರೋವೇವ್ ಗಾತ್ರದ್ದು. ನಾನು ಬಳಸುವ ಮೆದು ಗಾಜಿಗೆ (ಕಡಿಮೆ ಬಿಸಿಗೇ ಕರಗುವಂಥದು) ಸುಮಾರು 510 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಗಂಟೆಗಟ್ಟಲೆ ನಿಧಾನಕ್ಕೆ ಇಳಿಸಬೇಕು. ಒಳಗೆ ಹೊರಗೆ ಒಟ್ಟಿಗೇ ತಣ್ಣಗಾದರೆ ಜಗ್ಗಾಟ ಉಳಿಯುವುದಿಲ್ಲ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಸುಮ್ನೆ ಬಿಡುತ್ತೇನೆ, ಬಂದ ಮೇಲೆ ಮೊದಲಿನಿಂದ ಶುರು. ತಿಳಿ ಗಾಜಾದರೆ ಬೆಳಕಿನ ಒಂದೇ ದಿಕ್ಕಿನ ಅಲೆಯನ್ನಷ್ಟೇ ಬಿಡುವ ಎರಡು ಪೋಲರೈಸಿಂಗ್ ಹಾಳೆಗಳನ್ನು ಅಡ್ಡಡ್ಡ ಹಿಡಿದು ಮಧ್ಯೆ ಮಣಿ ಇಟ್ಟು ನೋಡಬಹುದು. ಆ ಜಗ್ಗಾಟದ ಒತ್ತಡ ಇದ್ದ ಕಡೆ ಬೆಳ್ಳಗೆ ಹೊಳೆಯುತ್ತದೆ. ಅಪಾರದರ್ಶಕ ಬಣ್ಣಗಳಲ್ಲಿ ಇದು ಕಾಣಿಸುವುದಿಲ್ಲ, ಅಲ್ಲಿ ಭಟ್ಟಿಯನ್ನೇ ನಂಬಬೇಕು.

ಅಜ್ಜಿಯ ಬಳೆ ಚೂರು ತಂದು "ಇದನ್ನೂ ಸೇರಿಸಿ ಮಾಡಿಕೊಡಿ" ಅನ್ನುವವರಿದ್ದಾರೆ. ಆಸೆ ಅರ್ಥವಾಗುತ್ತದೆ. ಆದರೆ ಎಲ್ಲಾ ಗಾಜೂ ಬಿಸಿಗೆ ಒಂದೇ ಥರ ಹಿಗ್ಗುವುದಿಲ್ಲ. ನನ್ನ ಮೆದು ಗಾಜಿನ ಒಂದು ಮೀಟರ್ ಕಡ್ಡಿ ಪ್ರತಿ ಡಿಗ್ರಿಗೆ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಚಿಲ್ಲರೆ ಹಿಗ್ಗಿದರೆ, ಲ್ಯಾಬಿನ ಪಾತ್ರೆಗಳ ಬೋರೋಸಿಲಿಕೇಟ್ ಗಾಜು 3 ಚಿಲ್ಲರೆ ಮಾತ್ರ. ಹೊಂದದ ಎರಡನ್ನು ಬೆಸೆದರೆ ಯಾವ ಭಟ್ಟಿಯೂ ಉಳಿಸುವುದಿಲ್ಲ. ಬಳೆ ಚೂರನ್ನು ಒಂದನ್ನೇ ಕರಗಿಸಿ ಮಣಿ ಮಾಡಿಕೊಡುತ್ತೇನೆ, ನನ್ನ ಗಾಜಿನ ಜೊತೆ ಬೆರೆಸುವುದಿಲ್ಲ.

ಇನ್ನು ಮನೆಯಲ್ಲಿ ಒಡೆಯುವುದು ಎಲ್ಲಿ ಅಂದರೆ, ಉದ್ದಕ್ಕೆ ಎಳೆದ ಚೂಪು ತುದಿಗಳಲ್ಲಿ. ಓಲೆ ಬಿಚ್ಚುವಾಗ ವಾಶ್ ಬೇಸಿನ್ನಿಗೆ ಬೀಳಿಸುವವರೇ ಜಾಸ್ತಿ. ಹಾಸಿಗೆ ಮೇಲೆ ಕೂತು ಬಿಚ್ಚಿ, ಬೇರೆ ಬೇರೆ ಬಟ್ಟೆ ಚೀಲದಲ್ಲಿಡಿ. ನೀರಿನಿಂದ ಗಾಜಿಗೆ ಏನೂ ಆಗುವುದಿಲ್ಲ, ತಂತಿ ಕಪ್ಪಾಗುತ್ತದೆ ಅಷ್ಟೇ.

ಯಾರ ಹತ್ತಿರ ಕೊಂಡರೂ ಮಣಿಯ ತೂತಿನ ಅಂಚನ್ನು ಉಗುರಲ್ಲಿ ಮುಟ್ಟಿ ನೋಡಿ. ಅಂಚು ಒಳಕ್ಕೆ ನುಣ್ಣಗೆ ಮಡಚಿರಬೇಕು. ಚೂಪಾಗಿದ್ದರೆ ದಾರ ಕತ್ತರಿಸುತ್ತದೆ, ಅಲ್ಲಿಂದಲೇ ಚಕ್ಕೆಯೂ ಏಳುತ್ತದೆ. ಜೋಡಿಯಲ್ಲಿ ಒಂದು ಓಲೆ ಒಡೆದರೆ ಉಳಿದದ್ದನ್ನು ತನ್ನಿ, ಅಳತೆ ನೋಡಿ ಇನ್ನೊಂದು ಮಾಡಿಕೊಡುತ್ತೇನೆ. ಬಣ್ಣ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದೀತು, ಅದಕ್ಕೆ ಮೊದಲೇ ಒಪ್ಪಿರಬೇಕು.